ಬೇಲಿ ಸಾಲಿನ ಅಂಟುವಾಳದಲ್ಲಿ ಬಟ್ಟೆ ಒಗೆಯೋದು: ಅಂಗಡಿ ಪೌಡರ್ ಪೂರ್ತಿ ಬಿಡಬಹುದಾ?

ತೋಟದಮನೆ
ತಿಪಟೂರಿನ ಹತ್ತಿರ ನಮ್ಮ ತೆಂಗಿನ ತೋಟ. ಬೇಲಿ ಸಾಲಿನಲ್ಲಿ ಅಂಟುವಾಳದ ಮರಗಳಿವೆ, ಯಾರೂ ನೆಟ್ಟಿದ್ದಲ್ಲ. ಬೇಸಿಗೆ ಬಂತೆಂದರೆ ಬುಡದಲ್ಲಿ ಕಾಯಿ ಉದುರಿ ಬಿದ್ದಿರುತ್ತೆ. ಅಮ್ಮ ತಲೆಗೆ ಅಂತ ಒಂದು ಡಬ್ಬಿ ಎತ್ತಿಡೋದು ಬಿಟ್ಟರೆ ಉಳಿದದ್ದೆಲ್ಲ ಮಣ್ಣುಪಾಲು. ಈ ಸಲ ಒಂದು ಚೀಲ ಆಯ್ದು ಒಣಗಿಸಿದ್ದೀನಿ. ಬಟ್ಟೆಗೆ ಪೌಡರ್ ತರೋದನ್ನೇ ನಿಲ್ಲಿಸಿಬಿಡೋಣ ಅಂತ ಆಸೆ. ಕುದಿಸಬೇಕಾ, ನೆನೆಸಿದರೆ ಸಾಕಾ? ಮೆಷಿನ್‌ಗೆ ಹಾಕಬಹುದಾ? ಮಾಡಿಟ್ಟರೆ ಎಷ್ಟು ದಿನ ಇರುತ್ತೆ? ಯೂಟ್ಯೂಬ್‌ನಲ್ಲಿ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಬಳಸಿದವರು ಹೇಳಿ.

ಮಲೆನಾಡ್ ಅಕ್ಕ
ಬೀಜ ತೆಗೆದಿದ್ದೀರಾ? ಮೊದಲು ಅದು. ಒಳಗಿನ ಕರಿ ಬೀಜದಿಂದ ನೊರೆಯೂ ಬರಲ್ಲ, ಏನೂ ಬರಲ್ಲ, ಮಕ್ಕಳಿಗೆ ಗೋಲಿ ಆಡೋಕೆ ಕೊಡಿ. ಕೆಲಸಕ್ಕೆ ಬರೋದು ಮೇಲಿನ ಸಿಪ್ಪೆ ಮಾತ್ರ. ಕಾಯಿ ಚೆನ್ನಾಗಿ ಒಣಗಿ ಅಲ್ಲಾಡಿಸಿದರೆ ಗಲಗಲ ಅನ್ನುವಾಗ ಒಡೆದರೆ ಸುಲಭ. ಹಸಿಯಿದ್ದಾಗ ಒಡೆಯೋಕೆ ಹೋದರೆ ಕೈಯೆಲ್ಲ ಅಂಟು.

ನಾನು ಮಾಡೋದು ಹೀಗೆ. 100 ಗ್ರಾಂ ಸಿಪ್ಪೆಗೆ ಒಂದು ಲೀಟರ್ ನೀರು, ರಾತ್ರಿ ನೆನೆಹಾಕಿ. ಬೆಳಿಗ್ಗೆ ಅದೇ ನೀರಲ್ಲಿ ಸಣ್ಣ ಉರಿಯಲ್ಲಿ ಇಪ್ಪತ್ತು ಇಪ್ಪತ್ತೈದು ನಿಮಿಷ ಕುದಿಸಿ. ಪಾತ್ರೆ ದೊಡ್ಡದಿರಲಿ, ಅರ್ಧಕ್ಕಿಂತ ಮೇಲೆ ತುಂಬಬೇಡಿ. ಹಾಲು ಉಕ್ಕಿದರೆ ಒರೆಸಬಹುದು, ಇದು ಉಕ್ಕಿದರೆ ಒರೆಸಿದಷ್ಟೂ ನೊರೆ. ಆರಿದ ಮೇಲೆ ಕೈಯಲ್ಲಿ ಚೆನ್ನಾಗಿ ಕಿವುಚಿ, ಹಳೇ ಪಂಚೆ ತುಂಡಲ್ಲಿ ಸೋಸಿ. ಜೇನಿನ ಬಣ್ಣದ ನೀರು ಬರುತ್ತೆ. ಒಂದು ಬಕೆಟ್ ನೀರಿಗೆ ಅರ್ಧ ಲೋಟ ಸಾಕು. ಚರಟಕ್ಕೆ ಇನ್ನೊಮ್ಮೆ ನೀರು ಹಾಕಿ ಕುದಿಸಿದರೆ ನೆಲ ಒರೆಸೋಕೆ, ಬೆಳ್ಳಿ ದೀಪ ತೊಳೆಯೋಕೆ ಆಗುತ್ತೆ.

ಇಡೋ ವಿಷಯ: ಹೊರಗಿಟ್ಟರೆ ಎರಡು ಮೂರು ದಿನಕ್ಕೆ ಹುಳಿ ವಾಸನೆ. ಫ್ರಿಜ್‌ನಲ್ಲಿ ಒಂದು ವಾರ. ನಾನು ಐಸ್ ಟ್ರೇಗೆ ಹುಯ್ದು ಗಟ್ಟಿ ಮಾಡಿ ಇಡ್ತೀನಿ. ಮನೆಗೆ ಬಂದವರು ಶರಬತ್ತಿಗೆ ಹಾಕಿಕೊಳ್ಳದ ಹಾಗೆ ಚೀಟಿ ಅಂಟಿಸಿ ಮಾರಾಯರೇ.

ಧಾರವಾಡದಾಂವ
ನಮ್ಮ ಕಡೆ ಇಳಕಲ್ ಸೀರಿಗೆ ಅಂಟವಾಳ ಬಿಟ್ರ ಬ್ಯಾರೆ ಏನೂ ಹಚ್ಚಂಗಿಲ್ಲ ನೋಡ್ರಿ. ಅದರ ಸೆರಗು ಕೆಂಪು ರೇಷ್ಮಿ, ಒಡಲು ಹತ್ತಿ. ಮೊದಲ ಸಲ ಒಗಿಯೂದು ಭಾಳ ಜೋಪಾನ, ಸೆರಗಿನ ಬಣ್ಣ ಒಡಲಿಗೆ ಹತ್ತಿತು ಅಂದ್ರ ಮುಗೀತು. ನಮ್ಮವ್ವ ಸೆರಗು ಬ್ಯಾರೆ ಗಂಟು ಕಟ್ಟಿ, ತಣ್ಣೀರಾಗ ಅಂಟವಾಳ ಹಾಕಿ, ಒಡಲು ಅಷ್ಟ ಜಾಲಿಸಿ ತಗೀತಾಳ. ಹಿಂಡಂಗಿಲ್ಲ, ನೆರಳಾಗ ಒಣಹಾಕೂದು. ಬಿಸಿನೀರು ಮುಟ್ಟಿಸಬ್ಯಾಡ್ರಿ.

ಆದ್ರ ಹೊಲದಾಗ ದುಡಿದ ಬನಿಯನ್ನಿಗೆ ಅಂಟವಾಳ ಹಾಕಿ ಕೊಳಿ ಹೋತು ಅಂದವರನ್ನ ನಾ ಇನ್ನೂ ನೋಡಿಲ್ಲ.

ತೋಟದಮನೆ
@ಧಾರವಾಡದಾಂವ ಅದೇ ನನಗೂ ಅನುಮಾನ. ನಿನ್ನೆ ಅಕ್ಕ ಹೇಳಿದ ಹಾಗೆ ಮಾಡಿ ಒಂದು ಬಕೆಟ್ ಒಗೆದೆ. ಹೆಂಡತಿಯ ಸೀರೆ, ಮಗಳ ಫ್ರಾಕು ಚೆನ್ನಾಗಿ ಬಂತು, ಮೆತ್ತಗೆ ಕೂಡ. ನನ್ನ ಕೆಲಸದ ಅಂಗಿ ಕಾಲರ್ ಹಾಗೇ ಕಪ್ಪು. ಅಜ್ಜಿ ಕಾಲದಲ್ಲಿ ಪೌಡರ್ ಇರಲಿಲ್ಲವಲ್ಲ, ಅವರು ಹೇಗೆ ಒಗೀತಿದ್ರು?

ಕೆಮಿಸ್ಟ್ರಿ ಮೇಷ್ಟ್ರು
ಅಂಟುವಾಳದ ಸಿಪ್ಪೆಯಲ್ಲಿರೋದು ಸಪೋನಿನ್. ಅದರ ಅಣುವಿನ ಒಂದು ತುದಿಗೆ ನೀರು ಇಷ್ಟ, ಇನ್ನೊಂದಕ್ಕೆ ಎಣ್ಣೆ. ಸಾಬೂನಿನದೂ ಅದೇ ಕೆಲಸ. ಆದರೆ ವ್ಯತ್ಯಾಸ ಎರಡಿವೆ. ಸಾಬೂನು ಗಡುಸು ನೀರಿನ ಕ್ಯಾಲ್ಸಿಯಂ ಜೊತೆ ಸೇರಿ ಬಿಳಿ ಕೆನೆಯಾಗಿ ಬಕೆಟ್ಟಿಗೆ ಅಂಟುತ್ತೆ, ಅಂಟುವಾಳ ಹಾಗಾಗಲ್ಲ. ಕೋಲಾರ, ತುಮಕೂರಿನ ಬೋರ್ ನೀರಿಗೆ ಇದು ದೊಡ್ಡ ಲಾಭ. ಎರಡನೆಯದು, ಸಾಬೂನು ಕ್ಷಾರ. ಅಂಟುವಾಳದ ನೀರು ಸ್ವಲ್ಪ ಆಮ್ಲದ ಕಡೆಗೆ, ಪಿಎಚ್ 4–5ರ ಆಸುಪಾಸು. ರೇಷ್ಮೆ, ಉಣ್ಣೆ ಎರಡೂ ಪ್ರೋಟೀನಿನ ಎಳೆ, ಕ್ಷಾರ ತಾಗಿದರೆ ಹಾಳು. ಹೀಗಾಗಿ ಅವಕ್ಕೆ ಅಂಟುವಾಳ ಹೇಳಿಮಾಡಿಸಿದ್ದು.

ಕಾಲರಿನ ಕೊಳೆ ಬೇರೆ ಕಥೆ. ಅದು ಮೈಯ ಜಿಡ್ಡು, ಬೆವರು, ಧೂಳು ಸೇರಿ ಹತ್ತಿಯೊಳಗೆ ಕೂತದ್ದು. ಅದಕ್ಕೆ ಕ್ಷಾರ ಬೇಕು, ಬಿಸಿ ಬೇಕು, ಉಜ್ಜಬೇಕು. ಅಂಗಡಿ ಪೌಡರಲ್ಲಿ ಸೋಡಾ ಇರುತ್ತೆ, ಕೆಲವದರಲ್ಲಿ ಜಿಡ್ಡು, ರಕ್ತ, ಹಾಲಿನ ಕಲೆ ಒಡೆಯುವ ಕಿಣ್ವಗಳೂ ಇರುತ್ತವೆ. ಜೊತೆಗೆ ಬಟ್ಟೆ ಬೆಳ್ಳಗೆ ಹೊಳೆಯೋ ಹಾಗೆ ಕಾಣಿಸುವ ಬಣ್ಣವೊಂದನ್ನು ಸೇರಿಸಿರ್ತಾರೆ. ಅದು ಕೊಳೆ ತೆಗೆಯೋದಲ್ಲ, ಬಿಸಿಲಿನಲ್ಲಿರೋ ನೇರಳಾತೀತ ಕಿರಣ ಹೀರಿ ನೀಲಿ ಬೆಳಕು ಬಿಡುತ್ತೆ, ಅಷ್ಟೇ. ಅಂಟುವಾಳದಲ್ಲಿ ಇದ್ಯಾವುದೂ ಇಲ್ಲ. ಅದಕ್ಕೇ ಬಿಳಿ ಬಟ್ಟೆ ಒಗೆಯುತ್ತಾ ಹೋದರೆ ಮಂಕಾಗುತ್ತೆ, ಸ್ವಲ್ಪ ಕಂದು ಛಾಯೆಯೂ ಹತ್ತುತ್ತೆ.

ನನ್ನ ಮಾತು ನಂಬೋದೂ ಬೇಡ. ಒಂದೇ ಹಳೇ ಬನಿಯನ್ನನ್ನು ಮೂರು ತುಂಡು ಮಾಡಿ, ಮೂರಕ್ಕೂ ಒಂದೇ ಸಾರು, ಒಂದೇ ಎಣ್ಣೆ ಹಚ್ಚಿ ಒಣಗಿಸಿ. ಒಂದು ಬರೀ ನೀರಿಗೆ, ಒಂದು ಅಂಟುವಾಳಕ್ಕೆ, ಒಂದು ಪೌಡರಿಗೆ. ಬರೀ ನೀರಿನ ತುಂಡನ್ನು ಯಾರೂ ಮಾಡಲ್ಲ, ಅದೇ ಮುಖ್ಯ. ಇವತ್ತು ಉಟ್ಟು ಬಿಚ್ಚಿದ ಬಟ್ಟೆಗೆ ಬರೀ ನೀರೇ ಸಾಕಷ್ಟು ಕೆಲಸ ಮಾಡಿಬಿಡುತ್ತೆ, ಹೆಸರು ಮಾತ್ರ ಅಂಟುವಾಳಕ್ಕೆ.

ಬಂಡೆಮೇಲೆ
ಅಜ್ಜಿ ಕಾಲದಲ್ಲಿ ಹೇಗೆ ಒಗೀತಿದ್ರು ಅಂತ ಕೇಳಿದ್ರಲ್ಲ, ನಿಮ್ಮ ಅಜ್ಜಿ ಒಗೀತಿರಲಿಲ್ಲ ಸ್ವಾಮಿ, ನಮ್ಮ ತಾತ ಒಗೀತಿದ್ದ. ನಮ್ಮದು ಮಡಿವಾಳರ ಮನೆ. ಈ ವಿಷಯದಲ್ಲಿ ಎಲ್ಲರೂ ಅಜ್ಜಿಯ ಹೆಸರು ಹೇಳ್ತಾರೆ, ಊರಿನ ಬಟ್ಟೆ ಹೊತ್ತವರ ಹೆಸರು ಬರಲ್ಲ.

ದಿನದ ಹತ್ತಿ ಬಟ್ಟೆಗೆ ತಾತ ಅಂಟುವಾಳ ಮುಟ್ಟಿದ್ದೇ ಇಲ್ಲ. ಚೌಳು ನೆಲದಲ್ಲಿ ಬೇಸಿಗೆಗೆ ಬೆಳ್ಳಗೆ ಹುಡಿ ಎದ್ದಿರುತ್ತಲ್ಲ, ಆ ಮಣ್ಣು ಕೆರೆದು ತರ್ತಿದ್ರು. ಅದನ್ನು ನೀರಿಗೆ ಕದಡಿ, ಬಟ್ಟೆ ಅದ್ದಿ ಹಿಂಡಿ, ಉಬ್ಬೆಗೆ ಹಾಕೋದು. ಕೆಳಗೆ ನೀರು ಕುದಿಯೋ ದೊಡ್ಡ ಗುಡಾಣ, ಅದರ ಬಾಯಿ ಸುತ್ತ ಬಟ್ಟೆ ಪೇರಿಸಿ ಮುಚ್ಚಿ, ರಾತ್ರಿಯೆಲ್ಲ ಹಬೆ. ಉರಿ ಆರದ ಹಾಗೆ ಯಾರಾದರೊಬ್ಬರು ಎದ್ದಿರಬೇಕು. ಬೆಳಗ್ಗೆ ಬಿಸಿಯಿದ್ದಾಗಲೇ ಕೆರೆಗೆ, ಬಂಡೆಗೆ. ಆಮೇಲೆ ಹುಲ್ಲಿನ ಮೇಲೆ ಹರಡಿ ಬಿಸಿಲು. ಮೇಷ್ಟ್ರು ಹೇಳಿದ ಕ್ಷಾರ, ಬಿಸಿ, ಉಜ್ಜೋದು ಮೂರೂ ಅಲ್ಲೇ ಇತ್ತು.

ರೇಷ್ಮೆ, ಬಣ್ಣದ ಸೀರೆ ಉಬ್ಬೆಗೆ ಹೋಗ್ತಾನೇ ಇರಲಿಲ್ಲ. ಗಂಟು ಬಿಚ್ಚಿದ ತಕ್ಷಣ ಬೇರೆ ಮಾಡೋದು ಮೊದಲ ಕೆಲಸ. ಅವಕ್ಕೆ ಅಂಟುವಾಳ. ಒಂದೇ ಸಾಮಾನು ಎಲ್ಲ ಬಟ್ಟೆಗೂ ಅನ್ನೋ ಯೋಚನೆ ಪೌಡರ್ ಡಬ್ಬಿ ಬಂದ ಮೇಲಿನದು. ಈಗ ಅಂಟುವಾಳವನ್ನೂ ಆ ಡಬ್ಬಿಯ ಹಾಗೇ ಬಳಸೋಕೆ ಹೋಗ್ತಿದ್ದೀರಿ, ಅದಕ್ಕೇ ಕಾಲರ್ ಕಪ್ಪು.

ತೋಟದಮನೆ
@ಬಂಡೆಮೇಲೆ ಕೇಳಿ ತಲೆ ತಗ್ಗಿಸಿದೆ ಅಣ್ಣ. ಚೌಳು ಮಣ್ಣು ಈಗ ಎಲ್ಲಿ ಹುಡುಕಲಿ, ಆದರೆ ತೆಂಗಿನ ಮಟ್ಟೆ ಬೂದಿ ನಮ್ಮ ಸ್ನಾನದ ಒಲೆಯಲ್ಲಿ ದಿನಾ ಇರುತ್ತೆ. ಅದರ ತಿಳಿನೀರು ಆಗುತ್ತಾ?

ಬಂಡೆಮೇಲೆ
ಆಗುತ್ತೆ. ಬೂದಿ ಬೆಳ್ಳಗಿರಬೇಕು, ಇದ್ದಿಲು ಜರಡಿ ಹಿಡಿದು ತೆಗೀರಿ. ಆ ಒಲೆಗೆ ಪ್ಲಾಸ್ಟಿಕ್, ಹಾಲಿನ ಕವರು ಹಾಕೋ ಅಭ್ಯಾಸ ಇದ್ದರೆ ಆ ಬೂದಿ ಬೇಡವೇ ಬೇಡ. ತಳದಲ್ಲಿ ತೂತಿರೋ ಮಡಕೆಗೆ ತೆಂಗಿನ ನಾರು ಒತ್ತಿ, ಮೇಲೆ ಬೂದಿ ತುಂಬಿ, ಬಿಸಿನೀರು ನಿಧಾನಕ್ಕೆ ಹುಯ್ಯಿರಿ. ತೊಟ್ಟಿಕ್ಕಿದ್ದು ಹಳದಿ ಮಿಶ್ರ ತಿಳಿನೀರು, ಬೆರಳಲ್ಲಿ ಮುಟ್ಟಿದರೆ ಜಾರುತ್ತೆ. ಕಾಲರ್, ಕಫ್ ಅದರಲ್ಲಿ ಅರ್ಧ ಗಂಟೆ ನೆನೆಸಿ ಉಜ್ಜಿ.

ಕೆಮಿಸ್ಟ್ರಿ ಮೇಷ್ಟ್ರು
ಜಾರುತ್ತೆ ಅಂದರೆ ನಿಮ್ಮ ಬೆರಳಿನ ಚರ್ಮದ ಜಿಡ್ಡೇ ಸಾಬೂನಾಗ್ತಿದೆ ಅಂತ ಅರ್ಥ. ಕೈಗವಸು ಹಾಕಿಕೊಳ್ಳಿ, ಕಣ್ಣಿಗೆ ಸಿಡಿಯದಂತೆ ನೋಡಿ. ತೆಂಗಿನ ಮಟ್ಟೆ, ಬಾಳೆ ದಿಂಡಿನ ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಜಾಸ್ತಿ, ನೀರು ಖಾರವಾಗೇ ಬರುತ್ತೆ. ಅಲ್ಯೂಮಿನಿಯಂ ಪಾತ್ರೆಯಲ್ಲಿ ಹಿಡಿಯಬೇಡಿ, ಪಾತ್ರೆ ತಿಂದು ಹೈಡ್ರೋಜನ್ ಬಿಡುತ್ತೆ. ಸ್ಟೀಲು ಅಥವಾ ಪ್ಲಾಸ್ಟಿಕ್ ಬಕೆಟ್ಟು. ಇನ್ನೂ ಖಾರವಾಗಲಿ ಅಂತ ಸುಣ್ಣ ಸೇರಿಸೋಕೆ ಹೋಗಬೇಡಿ, ಅದು ಕಾಸ್ಟಿಕ್ ಆಗಿ ಕೈ ಸುಡುತ್ತೆ. ಹತ್ತಿಗೆ ಮಾತ್ರ. ಮತ್ತೆ ಹೇಳ್ತೀನಿ, ಹತ್ತಿಗೆ ಮಾತ್ರ.

ಬೆಳ್ಳಂದೂರು ಬಾಡಿಗೆದಾರ
ಇಷ್ಟೆಲ್ಲ ಒಳ್ಳೇದಿದ್ದೂ ನಾವು ಪೌಡರ್ ಸುರಿದು ಕೆರೆ ಹಾಳು ಮಾಡಿದ್ವಿ. ನಮ್ಮ ಕೆರೆ ನೊರೆಗೆ 2015ರಲ್ಲಿ ಬೆಂಕಿ ಹತ್ತಿದ್ದು ಗೊತ್ತಲ್ಲ, 2017ರಲ್ಲಿ ಮತ್ತೆ ಹೊಗೆ. ಬೆಂಗಳೂರಿನವರೆಲ್ಲ ಅಂಟುವಾಳಕ್ಕೆ ಬದಲಾದರೆ ಎಲ್ಲ ಸರಿಹೋಗುತ್ತೆ. ಪ್ರಕೃತಿಯದ್ದು, ಕುಡಿದರೂ ಏನೂ ಆಗಲ್ಲ!

ಮಲೆನಾಡ್ ಅಕ್ಕ
ಕುಡಿದರೆ ವಾಂತಿ ಭೇದಿ ಆಗುತ್ತೆ ತಮ್ಮಾ, ದಯವಿಟ್ಟು ಹಾಗೆ ಬರೀಬೇಡಿ. ಕಣ್ಣಿಗೆ ಹೋದರಂತೂ ಮೆಣಸಿನಪುಡಿಗಿಂತ ಉರಿ, ತಲೆಗೆ ಹಾಕಿಸಿಕೊಂಡ ಯಾವ ಹೆಣ್ಣುಮಗಳನ್ನಾದರೂ ಕೇಳಿ.

ಇನ್ನು ನೀರಿನ ಮಾತು. ನಮ್ಮ ಕಡೆ ಹಿಂದೆ ಹಳ್ಳದ ಗುಂಡಿಗೆ ಕಾರೆಕಾಯಿ ಜಜ್ಜಿ ಹಾಕಿ ಮೀನು ಹಿಡೀತಿದ್ದರು. ಮೀನು ಮಂಪರು ಬಂದು ತೇಲುತ್ತಿದ್ದವು. ಕಾರೆಕಾಯಿಯಲ್ಲೂ ಇದೇ ನೊರೆಯ ಸತ್ವ. ಅದರಲ್ಲೂ ಬಟ್ಟೆ ಒಗೀತಿದ್ದದ್ದುಂಟು.

ಕೆಮಿಸ್ಟ್ರಿ ಮೇಷ್ಟ್ರು
ಅಕ್ಕ ಹೇಳಿದ್ದು ಸರಿ. ಸಪೋನಿನ್ ಮೀನಿನ ಕಿವಿರಿಗೆ ಪೆಟ್ಟು ಕೊಡುತ್ತೆ, ರಕ್ತಕ್ಕೆ ಇಳಿದರೆ ಕೆಂಪು ಕಣಗಳನ್ನು ಒಡೆಯುತ್ತೆ. ಮಣ್ಣಿಗೆ ಬಿದ್ದರೆ ಕೊಳೆತು ಹೋಗುತ್ತೆ, ಅಲ್ಲಿ ತೊಂದರೆ ಕಡಿಮೆ. ಅದಕ್ಕೇ ಒಗೆದ ನೀರನ್ನು ತೆಂಗು, ಬಾಳೆ ಪಾತಿಗೆ ಬಿಡಿ, ಕೆರೆ, ಕೃಷಿ ಹೊಂಡ, ಹಳ್ಳಕ್ಕೆ ಬೇಡ. ಬೆಳ್ಳಂದೂರಿನ ನೊರೆಗೆ ಮುಖ್ಯ ಕಾರಣ ಶುದ್ಧ ಮಾಡದ ಚರಂಡಿ ನೀರು ನೇರ ಕೆರೆಗೆ ಹೋಗಿದ್ದು. ಅಷ್ಟೂ ಮನೆಯವರು ಅಂಟುವಾಳ ಹಾಕಿ ಅದೇ ಚರಂಡಿಗೆ ಬಿಟ್ಟರೆ ಆಗಲೂ ನೊರೆ ಬರುತ್ತೆ.

ಯಳಂದೂರಿನವ
ಎಲ್ಲರೂ ಬದಲಾದರೆ ಅಂದ್ರಲ್ಲ, ಅಷ್ಟು ಕಾಯಿ ಎಲ್ಲಿಂದ ಬರುತ್ತೆ? ನಮ್ಮ ಬಿಳಿಗಿರಿರಂಗನ ಬೆಟ್ಟದಲ್ಲಿ ಅಂಟುವಾಳ, ಸೀಗೆ, ನೆಲ್ಲಿ, ಜೇನು ಆಯ್ದು ಬದುಕಿದವರು ಸೋಲಿಗರು. 1974ರಲ್ಲಿ ಅಭಯಾರಣ್ಯ ಆಯ್ತು, 2011ರಲ್ಲಿ ಹುಲಿ ಮೀಸಲು. ನಡುವೆ ಕಿರು ಅರಣ್ಯ ಉತ್ಪನ್ನ ಆಯೋದನ್ನೇ ನಿಲ್ಲಿಸಿದ್ರು, ಎಷ್ಟೋ ಮನೆಗಳ ವರಮಾನ ಹೋಯ್ತು. 2006ರ ಅರಣ್ಯ ಹಕ್ಕು ಕಾಯ್ದೆ ಹಿಡಿದು ಹೋರಾಡಿ 2011ರಲ್ಲಿ ಸಮುದಾಯ ಹಕ್ಕು ಪಡೆದುಕೊಂಡ್ರು. ಈಗ ವಾರಾಂತ್ಯಕ್ಕೆ ಕಾರಲ್ಲಿ ಬಂದು 'ಫೋರೇಜಿಂಗ್' ಅಂತ ಚೀಲ ತುಂಬೋರು ಕಾಣ್ತಾರೆ. ಮೀಸಲು ಅರಣ್ಯದಿಂದ ಹೊರಗಿನವರು ಆಯೋ ಹಾಗಿಲ್ಲ.

ನಿಮ್ಮ ಬೇಲಿ, ಹೊಲದ ಬದು, ಒಪ್ಪಿಗೆ ಕೇಳಿ ಪಕ್ಕದವರ ತೋಟ, ಅಲ್ಲಿ ಆಯ್ಕೊಳ್ಳಿ. ಇಲ್ಲದಿದ್ದರೆ ದುಡ್ಡು ಕೊಟ್ಟು ಸೋಲಿಗರ ಸಂಘದಲ್ಲಿ ಕೊಳ್ಳಿ. ಕೊಂಬೆ ಕಡಿದು ಕಾಯಿ ಕೀಳೋದಂತೂ ಬೇಡ, ಉದುರಿದ್ದೇ ಬಲಿತ ಕಾಯಿ.

ತೋಟದಮನೆ
ಅಂಗಡಿಯಲ್ಲಿ ಸಿಗೋದು ನಮ್ಮ ಕಾಯಿಗಿಂತ ದಪ್ಪ, ಗುಂಡಗೆ ಇರುತ್ತೆ. ಬೇರೆ ಜಾತಿನಾ?

ಯಳಂದೂರಿನವ
ಹೌದು. ದಪ್ಪಗೆ ಗುಂಡಗಿರೋದು ಹಿಮಾಲಯದ ತಪ್ಪಲಿನ ರೀಠಾ. ನಮ್ಮದು ಎರಡು ಮೂರು ಹೋಳು ಬುಡದಲ್ಲಿ ಕೂಡಿಕೊಂಡ ಹಾಗೆ ಇರುತ್ತೆ, ಒಂದೊಂದು ಹೋಳಿಗೆ ಒಂದು ಬೀಜ. ಕೆಲಸ ಎರಡೂ ಮಾಡುತ್ತೆ. ಒಣಗಿದ ಸಿಪ್ಪೆ ಬೆಳಕಿಗೆ ಹಿಡಿದರೆ ಬೆಲ್ಲದ ಬಣ್ಣದಲ್ಲಿ ಹೊಳೀಬೇಕು. ಒಳಗೆ ಬೂದಿ ಬಣ್ಣದ ಬೂಸ್ಟು ಕಂಡರೆ ಎಸೀರಿ. ಮಳೆಗಾಲಕ್ಕೆ ತೇವ ಎಳ್ಕೊಂಡು ಮುದ್ದೆ ಆಗುತ್ತೆ, ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ.

ನೆಕ್ಕರ್ ದಂಡೆ
ಜರ್ಮನಿಯ ಹೈಡಲ್‌ಬರ್ಗ್‌ನಿಂದ. ಊರಿಂದ ಅಂಟುವಾಳ ಹೊತ್ತು ತರೋದು ಬಿಟ್ಟಿದ್ದೀನಿ. ಇಲ್ಲಿ ಪಾರ್ಕು, ರಸ್ತೆ ಬದಿಯಲ್ಲೆಲ್ಲ ರೋಸ್‌ಕಾಸ್ಟಾನಿ ಮರ, ಇಂಗ್ಲಿಷಿನವರ ಹಾರ್ಸ್ ಚೆಸ್ಟ್‌ನಟ್. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಕಾಯಿ ದಬದಬ ಬೀಳುತ್ತೆ. ತಮಾಷೆ ಏನಂದ್ರೆ ಇದೂ ಅಂಟುವಾಳದ ಕುಟುಂಬಕ್ಕೇ ಸೇರಿದ ಮರ, ಲಿಚಿಯೂ ಅಷ್ಟೇ. ಅಂಟುವಾಳದಲ್ಲಿ ಸಿಪ್ಪೆ ಬೇಕು, ಬೀಜ ಬೇಡ. ಇದರಲ್ಲಿ ಉಲ್ಟಾ, ಮುಳ್ಳು ಸಿಪ್ಪೆ ಎಸೆದು ಬೀಜ ಇಟ್ಕೋಬೇಕು.

ಏಳೆಂಟು ಬೀಜ ಸಣ್ಣಗೆ ಹೆಚ್ಚಿ, ಒಂದೂವರೆ ಲೋಟ ಬಿಸಿನೀರು ಹಾಕಿ ಕೆಲವು ಗಂಟೆ ಬಿಟ್ಟರೆ ಹಾಲಿನ ಹಾಗೆ ಬೆಳ್ಳಗಾಗುತ್ತೆ. ಸೋಸಿ ಮೆಷಿನ್‌ನ ಡಬ್ಬಿಗೆ ಹುಯ್ಯೋದು. ಅವತ್ತೇ ಮುಗಿಸಬೇಕು. ಬಿಳಿ ಬಟ್ಟೆಗಾದರೆ ಕಂದು ಸಿಪ್ಪೆ ಹೆರೆದು ತೆಗೀಬೇಕು, ಇಲ್ಲಾಂದ್ರೆ ಬಣ್ಣ. ವರ್ಷಕ್ಕಾಗುವಷ್ಟು ಹೆಚ್ಚಿ ಹೀಟರ್ ಮೇಲೆ ಒಣಗಿಸಿ ಇಟ್ಟಿದ್ದೀನಿ. ತಿನ್ನೋ ಚೆಸ್ಟ್‌ನಟ್ ಬೇರೆ, ಇದು ವಿಷ, ಮಕ್ಕಳಿದ್ದ ಮನೆಯವರು ಹುಷಾರು. ಐವಿ ಅನ್ನೋ ಬಳ್ಳಿಯ ಎಲೆಯಲ್ಲೂ ಮಾಡ್ತಾರೆ, ಕೆಲವರಿಗೆ ಕೈ ಕೆರೆತ ಬರುತ್ತೆ, ನಾನು ಆ ಕಡೆ ಹೋಗಿಲ್ಲ. ಫಲಿತಾಂಶ ಕೇಳಿದರೆ ಮೇಷ್ಟ್ರು ಹೇಳಿದ್ದೇ: ಸ್ವೆಟರಿಗೆ ಬೊಂಬಾಟ್, ಅಡುಗೆಮನೆ ಟವಲಿಗೆ ದಂಡ.

ತೋಟದಮನೆ
ತುರ್ತು! ಬೂದಿನೀರಲ್ಲಿ ಬಿಳಿ ಪಂಚೆ ನೆನೆಸಿದ್ದೆ. ಪೂಜೆ ದಿನ ಆಗಿದ್ದ ಅರಿಶಿನದ ಕಲೆ ಹೋಗೋ ಬದಲು ಕಡುಕೆಂಪಾಗಿದೆ. ಪಂಚೆ ಕೆಟ್ಟೇಹೋಯ್ತಾ?

ಮಲೆನಾಡ್ ಅಕ್ಕ
ಹಹ್ಹ, ಓಕುಳಿ ಆಗಿದೆ. ಆರತಿಗೆ ಅರಿಶಿನದ ನೀರಿಗೆ ಸುಣ್ಣ ಹಾಕಿದರೆ ಕೆಂಪಾಗಲ್ವಾ, ಅದೇ. ಗಾಬರಿ ಬೇಡ, ನಿಂಬೆಹಣ್ಣು ಹಿಂಡಿ.

ಕೆಮಿಸ್ಟ್ರಿ ಮೇಷ್ಟ್ರು
ಅರಿಶಿನದ ಬಣ್ಣ ಕ್ಷಾರದಲ್ಲಿ ಕೆಂಪು, ಆಮ್ಲದಲ್ಲಿ ಮತ್ತೆ ಹಳದಿ. ಬಾರ್ ಸೋಪು ತಿಕ್ಕಿದಾಗಲೂ ಕೆಂಪಾಗೋದು ಇದಕ್ಕೇ. ಮೊದಲು ಪಂಚೆಯನ್ನು ನೀರಲ್ಲಿ ಎರಡು ಮೂರು ಸಲ ಜಾಲಿಸಿ ಬೂದಿನೀರು ಪೂರ್ತಿ ತೆಗೆಯಿರಿ, ಕೊನೇ ನೀರಿಗೆ ನಿಂಬೆರಸ ಹಾಕಿ. ಆಮೇಲೆ ಒದ್ದೆಯಿದ್ದಾಗಲೇ ಮಧ್ಯಾಹ್ನದ ಬಿಸಿಲಿಗೆ ಹಾಕಿ. ಅರಿಶಿನಕ್ಕೆ ಬಿಸಿಲೇ ಶತ್ರು, ಸಾಬೂನಲ್ಲ.

ಬಂಡೆಮೇಲೆ
ಒಣಗಿದರೆ ಮತ್ತೆ ನೀರು ಚಿಮುಕಿಸ್ತಾ ಇರಿ. ಹುಲ್ಲಿನ ಮೇಲೆ ಹರಡಿದರೆ ಇನ್ನೂ ಒಳ್ಳೇದು.

ಚಳ್ಳಕೆರೆ ಕುರಿಮರಿ
ಉಣ್ಣೆಗೆ ಒಳ್ಳೇದು ಅಂದ್ರಿ, ನಮ್ಮ ಕುರಿ ಕಂಬಳಿಗೂ ಹಾಕಬಹುದಾ?

ಬಂಡೆಮೇಲೆ
ಕೊಳೆ ಹೋಗುತ್ತೆ. ಆದರೆ ಕೈಮಗ್ಗದ ಕಂಬಳಿಗೆ ಹುಣಸೆಬೀಜದ ಗಂಜಿ ಹಾಕಿರ್ತಾರಲ್ಲ, ಅದೂ ಬಿಟ್ಟುಹೋಗಿ ಮೆತ್ತಗಾಗುತ್ತೆ. ಬಿರುಸು ಬೇಕಂದ್ರೆ ಬಿಸಿಲಿಗೆ ಹಾಕಿ ಬಡಿದು ಇಡಿ.

ಬೆಳ್ಳಂದೂರು ಬಾಡಿಗೆದಾರ
ಸರಿ, ಕುಡಿಯಲ್ಲ. ಬೂದಿ, ಉಬ್ಬೆ ಎಲ್ಲ ನಾಲ್ಕನೇ ಮಹಡಿ ಫ್ಲ್ಯಾಟಲ್ಲಿ ಆಗೋ ಮಾತಲ್ಲ. ಫ್ರಂಟ್ ಲೋಡ್ ಮೆಷಿನ್ ಇದೆ. ನನ್ನಂಥವನು ಏನು ಮಾಡಲಿ?

ಮಲೆನಾಡ್ ಅಕ್ಕ
ಬಣ್ಣದ ಬಟ್ಟೆ, ಚೂಡಿದಾರ್, ಮಗುವಿನ ಬಟ್ಟೆ ಒಂದು ಸರದಿ ಮಾಡಿ. ಐದಾರು ಸಿಪ್ಪೆ ಸಣ್ಣ ಹತ್ತಿ ಚೀಲಕ್ಕೆ ಹಾಕಿ ಬಾಯಿ ಬಿಗಿಯಾಗಿ ಕಟ್ಟಿ, ಬಟ್ಟೆ ಮಧ್ಯೆ ಇಡಿ, 40 ಡಿಗ್ರಿ. ಸಿಪ್ಪೆ ಚೂರು ಹೊರಬಂದರೆ ಫಿಲ್ಟರಿಗೆ ಸಿಕ್ಕಿಕೊಳ್ಳುತ್ತೆ. ನೊರೆ ಕಾಣ್ತಿಲ್ಲ ಅಂತ ಇನ್ನಷ್ಟು ತುರುಕಬೇಡಿ. ಅದೇ ಚೀಲ ಇನ್ನೆರಡು ಸಲ ಬರುತ್ತೆ, ಸಿಪ್ಪೆ ಬೆಳ್ಳಗೆ ಮೆತ್ತಗಾದರೆ ಕುಂಡಕ್ಕೆ ಗೊಬ್ಬರ. ಆಫೀಸಿನ ಬಿಳಿ ಅಂಗಿ, ಟವಲು, ಒಳಬಟ್ಟೆಗೆ ಬಿಸಿನೀರು, ವಾಷಿಂಗ್ ಸೋಡಾ. ಅದಕ್ಕೂ ಜಗ್ಗದಿದ್ದರೆ ಪೌಡರೇ ಹಾಕಿ, ಅರ್ಧ ಅಳತೆ ಸಾಕು.

ತೋಟದಮನೆ
ಪಂಚೆ ವರದಿ: ಕೆಂಪು ಹೋಗಿ ಹಳದಿ ಆಯ್ತು, ಸಂಜೆ ಹೊತ್ತಿಗೆ ಹಳದಿಯೂ ಮುಕ್ಕಾಲು ಪಾಲು ಹೋಗಿದೆ. ಕಾಲರ್ ಬೂದಿನೀರಿಗೆ ಬಿಟ್ಟುಕೊಟ್ಟಿತು. ಪೌಡರ್ ಪೂರ್ತಿ ನಿಲ್ಲಿಸಲ್ಲ, ಕಾಯಿ ಕೀಳೋರ ಬಟ್ಟೆಯಲ್ಲಿರೋ ತೆಂಗಿನ ಕರೆಗೆ ಬೇರೆ ದಾರಿ ಕಾಣಲಿಲ್ಲ. ತೆಂಗಿನ ಕರೆಗೆ ಯಾರ ಹತ್ತಿರವಾದರೂ ಏನಾದರೂ ಇದೆಯಾ?

ಬಂಡೆಮೇಲೆ
ತೆಂಗಿನ ಕರೆ, ಬಾಳೆ ಕರೆ, ಗೇರುಕಾಯಿ (ಗೋಡಂಬಿಯದ್ದಲ್ಲ, ಕಾಡಿನ ಕರಿಗೇರು) ಕರೆ ಮೂರೂ ಹೋಗಲ್ಲ. ಗೇರುಕಾಯಿ ರಸದಲ್ಲೇ ತಾತ ಯಾರ ಮನೆ ಬಟ್ಟೆ ಯಾವುದು ಅಂತ ಮೂಲೆಯಲ್ಲಿ ಗುರುತು ಹಾಕ್ತಿದ್ದದ್ದು, ಎಷ್ಟು ಉಬ್ಬೆ ಹಾಕಿದರೂ ಅಳಿಸಬಾರದು ಅಂತಲೇ. ಆ ರಸ ಮೈಗೆ ತಾಗಿದರೆ ಬೊಬ್ಬೆ ಬರುತ್ತೆ, ನೀವು ಮುಟ್ಟೋಕೆ ಹೋಗಬೇಡಿ. ಕಾಯಿ ಕೀಳೋಕೆ ಒಂದು ಜೊತೆ ಹಳೇ ಬಟ್ಟೆ ಬೇರೆ ಇಟ್ಟುಬಿಡಿ.